ಯಾವ ಕೊಳಗದಲ್ಲಿ ಅಳೆಯುತ್ತೇವೆ?

ಕಾಗೋಡಿನ ಗೇಣಿದಾರರು, ಶರಾವತಿಯ ಮುಳುಗಡೆ, ಅಡಿಕೆ ಸುಲಿಯುವ ಅಂಗಳ. ಸಾಗರ, ಹೊಸನಗರ, ತೀರ್ಥಹಳ್ಳಿಯ ನೆಲದಲ್ಲಿ ಯೇಸುವಿನ ಬೋಧನೆಯನ್ನು ಬದುಕುವುದೆಂದರೆ ಏನು? ಸಾಗರದ ಲೇಖಕ ನಾ. ಡಿಸೋಜ ಅವರ ಬದುಕು-ಬರಹದ ಬೆಳಕಿನಲ್ಲಿ ಒಂದು ಹುಡುಕಾಟ.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ನೇಗಿಲು ಹೊತ್ತು ಗದ್ದೆಗಿಳಿದು ಬಂಧನಕ್ಕೊಳಗಾದರು. ಅವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಜಗಳದ ಮೂಲದಲ್ಲಿದ್ದದ್ದು ಒಂದು ಕೊಳಗ. ಗೇಣಿಯ ಭತ್ತ ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದಾಗಿತ್ತು. ಮಳೆಯಲ್ಲಿ ನೆನೆದು, ಕೆಸರಿನಲ್ಲಿ ನಿಂತು ಬೆಳೆದವನ ಕಣದಿಂದ ಪ್ರತಿ ಅಳತೆಗೂ ಒಂದಷ್ಟು ಭತ್ತ ಲೆಕ್ಕಕ್ಕೆ ಸಿಗದೆ ಹೊರಟುಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿಗಳು ಬೆನ್ನಿಗೆ ನಿಂತರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಮರುವರ್ಷ ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿ ಹೋದರು. ಉಳುವವನೇ ಹೊಲದೊಡೆಯ ಎಂಬ ಮಾತು 1974ರಲ್ಲಿ ಕಾಯ್ದೆಯಾಗುವುದಕ್ಕೆ ಈ ಮೂರು ತಾಲ್ಲೂಕುಗಳ ರೈತರು ತೆತ್ತ ಬೆಲೆ ಸಣ್ಣದಲ್ಲ.

ಈ ಹೋರಾಟವನ್ನು ‘ಕೊಳಗ’ ಎಂಬ ಹೆಸರಿನಲ್ಲೇ ಕಾದಂಬರಿಯಾಗಿಸಿದವರು ಸಾಗರದ ನಾ. ಡಿಸೋಜ. ನಾರ್ಬರ್ಟ್ ಡಿಸೋಜ ಹುಟ್ಟಿದ್ದು 1937ರ ಜೂನ್ 6ರಂದು, ಸಾಗರದಲ್ಲೇ. ಮನೆಮಾತು ಕೊಂಕಣಿ, ಧರ್ಮ ಕಥೋಲಿಕ ಕ್ರೈಸ್ತ, ಬರೆದದ್ದು ಕನ್ನಡದಲ್ಲಿ. 2025ರ ಜನವರಿ 5ರಂದು ಅವರು ತೀರಿಕೊಂಡಾಗ ಮಲೆನಾಡಿನವರು ನೆನೆದದ್ದು ಮುಳುಗಿದ ಊರುಗಳ ಪರವಾಗಿ ಅರ್ಧ ಶತಮಾನ ಮಾತಾಡಿದ ಹಿರಿಯನನ್ನು. ಅವರು ಯಾವ ಧರ್ಮದವರು ಎಂಬುದು ಆ ನೆನಪಿನಲ್ಲಿ ಎಲ್ಲೋ ಹಿಂದಿನ ಸಾಲಿನಲ್ಲಿತ್ತು. ಕ್ರೈಸ್ತನೊಬ್ಬನ ಬಾಳಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಇನ್ನೇನು ಬೇಕು ಎಂದು ನಾನು ಕೇಳುತ್ತೇನೆ.

ಏಕೆಂದರೆ ಯೇಸು ತಮ್ಮ ಶಿಷ್ಯರಿಗೆ ಹೇಳಿದ ಮಾತುಗಳಲ್ಲಿ ಅಳತೆಯ ಮಾತೂ ಒಂದು. ಮತ್ತಾಯನ ಶುಭಸಂದೇಶದಲ್ಲೂ ಲೂಕನ ಶುಭಸಂದೇಶದಲ್ಲೂ ಅದು ಇದೆ. ನಾವು ಪರರಿಗೆ ಯಾವ ಅಳತೆಯಲ್ಲಿ ಅಳೆಯುತ್ತೇವೋ ನಮಗೂ ಅದೇ ಅಳತೆ ಎನ್ನುತ್ತಾರೆ ಅವರು. ಲೂಕನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಅದುಮಿ, ಅಲುಗಿಸಿ, ಹೊರಚೆಲ್ಲುವಂತೆ ತುಂಬಿದ ಅಳತೆಯ ಚಿತ್ರ ಕೊಡುತ್ತಾರೆ. ಕಣದಲ್ಲಿ ಭತ್ತ ಅಳೆದು ಗೊತ್ತಿದ್ದವರಿಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಲೋಕದ ರೂಢಿ ಏನು? ತೆಗೆದುಕೊಳ್ಳುವಾಗ ರಾಶಿ ಏರಿಸಿದ ಕೊಳಗ, ಕೊಡುವಾಗ ತಲೆ ಸವರಿದ ಕೊಳಗ. ಯೇಸು ಇದನ್ನು ತಿರುಗಿಸಿಟ್ಟರು. ಹೊರಚೆಲ್ಲುವ ಕೊಳಗ ಕೊಡುವವನ ಕೈಯಲ್ಲಿರಬೇಕು ಎಂದರು. ಅವರ ಬೋಧನೆಯ ತಿರುಳು ಇದೇ ಎಂದು ನಾನು ನಂಬಿದ್ದೇನೆ. ಉಳಿದ ಬೋಧನೆಗಳೆಲ್ಲ ಈ ಒಂದು ತಿರುಗಿನ ಸುತ್ತ ಇವೆ.

ಘಟ್ಟ ಹತ್ತಿ ಬಂದವರು

ಈ ಮೂರು ತಾಲ್ಲೂಕುಗಳಲ್ಲಿ ಕ್ರೈಸ್ತರ ಕಥೆ ಶುರುವಾಗುವುದೇ ಬೇರೆಯವರ ಔದಾರ್ಯದಿಂದ. ಕೆಳದಿ, ಇಕ್ಕೇರಿ ಎರಡೂ ಸಾಗರ ತಾಲ್ಲೂಕಿನಲ್ಲಿವೆ. ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಕೆಳದಿ ಅರಸರ ಮೂರು ರಾಜಧಾನಿಗಳು ಇವೇ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು ಬರೆದಿದ್ದಾನೆ. ಅದೇ ಶತಮಾನದಲ್ಲಿ ಗೋವೆ ಬಿಟ್ಟು ದಕ್ಷಿಣಕ್ಕೆ ಬಂದ ಕೊಂಕಣಿ ಕ್ರೈಸ್ತರು ಕರಾವಳಿಯಲ್ಲಿ ನೆಲೆಯೂರಿದ್ದು ಕೆಳದಿಯ ಆಳ್ವಿಕೆಯಡಿಯಲ್ಲಿ. ಅವರಿಗೆ ಅಲ್ಲಿ ಹೊಲ ಸಿಕ್ಕಿತು, ಕೆಲಸ ಸಿಕ್ಕಿತು. ಕೆಳದಿಯ ರಾಣಿ ಚೆನ್ನಮ್ಮಾಜಿಯ ಕಾಲದ 1678ರ ಒಪ್ಪಂದದಲ್ಲಿ ಮಿರ್ಜಾನ್, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಪೋರ್ಚುಗೀಸರಿಗೆ ಅನುಮತಿ ದೊರಕಿತು. ವೀರಶೈವ ಅರಸುಮನೆತನವೊಂದು ಬೇರೆ ಧರ್ಮದವರ ಪ್ರಾರ್ಥನೆಗೆ ಜಾಗ ಕೊಟ್ಟ ಇತಿಹಾಸ ಇದು. ಹೀಗೆ ಆಶ್ರಯ ಪಡೆದವರ ಮಕ್ಕಳು ನಾವು ಎಂಬುದನ್ನು ಮಲೆನಾಡಿನ ಕ್ರೈಸ್ತರು ಮರೆಯುವಂತಿಲ್ಲ.

ಅದೇ ಚೆನ್ನಮ್ಮಾಜಿಯ ರಾಜ್ಯದ ಕರಾವಳಿಯಲ್ಲಿ 1681ರಿಂದ 1684ರವರೆಗೆ ಜೋಸೆಫ್ ವಾಜ್ ಎಂಬ ಗೋವೆಯ ಗುರುಗಳು ಬರಿಗಾಲಲ್ಲಿ ಓಡಾಡಿದರು. ಕ್ರೈಸ್ತರೊಳಗೆ ಅಧಿಕಾರಕ್ಕಾಗಿ ಹುಟ್ಟಿದ್ದ ಒಡಕನ್ನು ಹೊಲಿಯುವುದೇ ಅವರ ಮೊದಲ ಕೆಲಸವಾಗಿತ್ತು. ಮುಂದೆ ಅವರು ಸಿಂಹಳಕ್ಕೆ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಸೋಂಕು ತಗಲಿದವರನ್ನು ಮನೆಯವರೇ ಬಿಟ್ಟು ಓಡಿದಾಗ, ಜಾತಿ-ಮತ ಕೇಳದೆ ಅವರ ಆರೈಕೆಗೆ ನಿಂತರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ನಮ್ಮ ಕಡೆಯ ಮಣ್ಣು ತುಳಿದ ಸಂತರೊಬ್ಬರ ಹೆಗ್ಗುರುತು ಉಪದೇಶಕ್ಕಿಂತ ಹೆಚ್ಚಾಗಿ ರೋಗಿಯ ಪಕ್ಕದಲ್ಲಿ ಕಳೆದ ರಾತ್ರಿಗಳು.

ಘಟ್ಟದ ಮೇಲಿನ ಕ್ರೈಸ್ತರು ಒಂದೇ ಕಡೆಯಿಂದ ಬಂದವರಲ್ಲ. ಕರಾವಳಿಯಿಂದ ತೋಟದ ಕೆಲಸ, ಮರಗೆಲಸ, ಗಾರೆ ಕೆಲಸ, ಮೇಷ್ಟರ ಕೆಲಸ ಹುಡುಕಿ ಬಂದ ಕೊಂಕಣಿಗರಿದ್ದಾರೆ. ಜೋಗ, ಕಾರ್ಗಲ್, ಲಿಂಗನಮಕ್ಕಿಯ ಕಾಮಗಾರಿಗೆ ಬಂದು ಇಲ್ಲೇ ಉಳಿದ ತಮಿಳು ಮತ್ತು ಮಲಯಾಳಿ ಕುಟುಂಬಗಳಿವೆ. ಕಾಡಂಚಿನಲ್ಲಿ ರಬ್ಬರ್, ಶುಂಠಿ ಬೆಳೆದ ಕೇರಳದ ಸಿರಿಯನ್ ಕ್ರೈಸ್ತರಿದ್ದಾರೆ. ಕನ್ನಡವೇ ಮನೆಮಾತಾದ ಪ್ರೊಟೆಸ್ಟೆಂಟ್ ಸಭೆಗಳಿವೆ. ಲ್ಯಾಟಿನ್ ಪರಂಪರೆಯ ಕಥೋಲಿಕರಿಗೆ 1988ರಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾದ ಶಿವಮೊಗ್ಗ ಧರ್ಮಪ್ರಾಂತ್ಯವಿದೆ. ಸಿರೋ-ಮಲಬಾರ್ ಪರಂಪರೆಯವರಿಗೆ 2007ರಲ್ಲಿ ಸ್ಥಾಪನೆಯಾದ ಭದ್ರಾವತಿ ಧರ್ಮಪ್ರಾಂತ್ಯವಿದೆ. ಒಟ್ಟು ಸೇರಿದರೂ ಸಂಖ್ಯೆ ಸಣ್ಣದು. ಆದ್ದರಿಂದ ಇಲ್ಲಿನ ಕ್ರೈಸ್ತನ ಒಂದು ಬದಿಯ ಮನೆ ಹವ್ಯಕರದ್ದೋ ಒಕ್ಕಲಿಗರದ್ದೋ ಆಗಿರುತ್ತದೆ, ಇನ್ನೊಂದು ಬದಿಯದು ದೀವರದ್ದೋ ಬ್ಯಾರಿಗಳದ್ದೋ. ಗುಡ್ಡಕ್ಕೊಂದು ಮನೆಯಿರುವ ಮಲೆನಾಡಿನಲ್ಲಿ ಮಳೆಗಾಲದ ನಡುರಾತ್ರಿ ಹೆರಿಗೆ ನೋವು ಶುರುವಾದರೆ ಓಡಿಬರುವವರು ಆ ನೆರೆಯವರೇ.

ಯೇಸು ಕೇಳಿದ್ದು ಏನು?

ಯೇಸುವಿನ ಬೋಧನೆಯೆಂದರೆ ಏನೆಂದು ಕೇಳಿದವರಿಗೆ ಮತ್ತಾಯನ ಶುಭಸಂದೇಶದ ಐದು, ಆರು, ಏಳನೆಯ ಅಧ್ಯಾಯಗಳನ್ನು ತೋರಿಸುವುದು ರೂಢಿ. ಅದೇ ಪರ್ವತ ಪ್ರಸಂಗ. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಗಾಂಧೀಜಿಯ ಎದೆಗೆ ನಾಟಿದ್ದು ಈ ಅಧ್ಯಾಯಗಳು. ಅಲ್ಲಿ ಯೇಸು ಹೇಳುವ ಒಂದೊಂದೂ ಮಾಡಲು ಕಷ್ಟದ್ದು. ದೇವರಿಗೆ ಕಾಣಿಕೆ ಒಪ್ಪಿಸಲು ಹೊರಟಾಗ ಯಾರಿಗಾದರೂ ನಿನ್ನ ಮೇಲೆ ಮುನಿಸಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ರಾಜಿಯಾಗಿ ಬಾ ಎನ್ನುತ್ತಾರೆ. ವೈರಿಯನ್ನು ಪ್ರೀತಿಸು, ಅವನಿಗಾಗಿ ಪ್ರಾರ್ಥಿಸು ಎನ್ನುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯದಿರಲಿ ಎನ್ನುತ್ತಾರೆ. ಬೀದಿಯಲ್ಲಿ ನಿಂತು ನಾಲ್ಕು ಜನ ನೋಡಲೆಂದು ಮಾಡುವ ಪ್ರಾರ್ಥನೆಯನ್ನು ಮೆಚ್ಚುವುದಿಲ್ಲ. ಸ್ವಾಮೀ ಸ್ವಾಮೀ ಎಂದು ಕರೆಯುವವರೆಲ್ಲ ತಮ್ಮವರಲ್ಲ, ತಂದೆಯ ಇಚ್ಛೆಯಂತೆ ನಡೆದವರೇ ತಮ್ಮವರು ಎಂದು ಖಂಡಿತವಾಗಿ ಹೇಳುತ್ತಾರೆ.

ಲೂಕನು ಹೇಳುವ ಸಮಾರ್ಯದವನ ಕಥೆ ಎಲ್ಲರಿಗೂ ಗೊತ್ತು. ಧರ್ಮಶಾಸ್ತ್ರ ಬಲ್ಲವನೊಬ್ಬ, ನನ್ನ ನೆರೆಯವನು ಯಾರು ಎಂದು ಯೇಸುವನ್ನು ಕೇಳುತ್ತಾನೆ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನ ಕಥೆಯನ್ನು ಯೇಸು ಹೇಳುತ್ತಾರೆ. ದೇವಾಲಯದ ಸೇವೆಯವರಿಬ್ಬರು ಕಂಡೂ ಕಾಣದಂತೆ ದಾಟಿಹೋಗುತ್ತಾರೆ. ಯೆಹೂದ್ಯರು ಹತ್ತಿರ ಸೇರಿಸದ ಸಮಾರ್ಯದವನೊಬ್ಬ ನಿಂತು ಗಾಯಕ್ಕೆ ಎಣ್ಣೆ ಹಚ್ಚಿ, ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ, ಛತ್ರಕ್ಕೆ ಕರೆದೊಯ್ದು ಖರ್ಚಿಗೂ ಕೊಡುತ್ತಾನೆ. ಕಥೆಯ ಕೊನೆಗೆ ಯೇಸು ಪ್ರಶ್ನೆಯನ್ನೇ ಬದಲಿಸುತ್ತಾರೆ. ಬಿದ್ದವನಿಗೆ ಯಾರು ನೆರೆಯವನಾದ ಎಂದು ಕೇಳುತ್ತಾರೆ. ನೆರೆಯವನನ್ನು ಆರಿಸಿಕೊಳ್ಳುವ ಹಕ್ಕು ನನ್ನ ಕೈಯಲ್ಲಿ ಇಲ್ಲ. ಬಿದ್ದವನ ಬಳಿ ನಿಲ್ಲುವ ಹೊಣೆ ಮಾತ್ರ ನನ್ನದು. ಅಂತಿಮ ತೀರ್ಪಿನ ಚಿತ್ರದಲ್ಲಂತೂ ಯೇಸು ಎಣಿಸುವುದು ಪೂಜೆಯನ್ನಲ್ಲ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರವೂರಿನವನಿಗೆ ಆಸರೆ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಯ ಮತ್ತು ಸೆರೆಯಲ್ಲಿದ್ದವನ ಭೇಟಿ. ಇಷ್ಟೇ ಆ ಪಟ್ಟಿ.

ಇದು ಕ್ರೈಸ್ತರ ಸ್ವತ್ತು ಮಾತ್ರವಾಗಿ ಕನ್ನಡದಲ್ಲಿ ಉಳಿಯಲಿಲ್ಲ. ಇಡೀ ಬೈಬಲ್ 1831ರಲ್ಲೇ ಕನ್ನಡಕ್ಕೆ ಬಂದಿತ್ತು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈ ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿಸಿದರು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿಟ್ಟರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ತೀರ್ಥಹಳ್ಳಿಯ ಸೀಮೆಯಲ್ಲೇ ನಡೆಯುವ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಕುವೆಂಪು ಪಾದ್ರಿಯನ್ನೂ ಉಪದೇಶಿ ಜೀವರತ್ನಯ್ಯನನ್ನೂ ತಂದು ನಿಲ್ಲಿಸಿದರು. ಹೊಸ ಧರ್ಮದ ಸುತ್ತ ಹುಟ್ಟುವ ಆಸೆ, ಅನುಮಾನ, ಬಿಡುಗಡೆಯ ಕನಸು ಎಲ್ಲವನ್ನೂ ಅಲ್ಲಿ ಅವರು ನೋಡಿದ್ದಾರೆ. ಕ್ರೈಸ್ತರು ಆ ಕಾದಂಬರಿಯನ್ನು ತಪ್ಪದೆ ಓದಬೇಕು. ನೆರೆಯವನ ಕಣ್ಣಿಗೆ ನಾವು ಹೇಗೆ ಕಂಡೆವು ಎಂಬುದು ಅಲ್ಲಿದೆ.

ಮುಳುಗುವ ಊರಿನ ಕಡೆಗೆ ತಿರುಗಿದ ಗುಮಾಸ್ತ

ಡಿಸೋಜ ಅವರು ಲೋಕೋಪಯೋಗಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ಶರಾವತಿ ಯೋಜನೆ, ಕಾರ್ಗಲ್, ಮಾಣಿ, ನಗರ, ತೀರ್ಥಹಳ್ಳಿ, ಸಾಗರ ಎಂದು ಅವರ ನೌಕರಿ ಈ ಮೂರು ತಾಲ್ಲೂಕುಗಳಲ್ಲೇ ಸುತ್ತಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಸುಮಾರು 300 ಚದರ ಕಿಲೋಮೀಟರ್ ನೆಲದ ಮೇಲೆ ಹರಡಿಕೊಂಡಿತು. ತೋಟ, ಗದ್ದೆ, ದೇವಸ್ಥಾನ, ಸ್ಮಶಾನ ಎಲ್ಲ 1,819 ಅಡಿಯ ಗೆರೆಯ ಕೆಳಗೆ ಹೋದವು. ನಾಡಿಗೆಲ್ಲ ಬೆಳಕು ಬಂತು. ಬೆಳಕಿಗಾಗಿ ಮನೆ ಬಿಟ್ಟವರಲ್ಲಿ ಅನೇಕರು ಕಾಡಿನ ನಡುವೆ ಚಿಮಣಿ ದೀಪದಲ್ಲಿ ಉಳಿದರು. ಆಮೇಲೆ ಹೊಸನಗರ ತಾಲ್ಲೂಕಿನಲ್ಲಿ ವಾರಾಹಿ, ಚಕ್ರಾ ಯೋಜನೆಗಳ ಸರದಿ. ಮಾಣಿ, ಚಕ್ರಾ, ಸಾವೆಹಕ್ಲು ಅಣೆಕಟ್ಟುಗಳು ಎದ್ದವು. ಮತ್ತೆ ಊರುಗಳು ನೀರಿನಡಿ ಹೋದವು.

ಇಂಥ ಯೋಜನೆಯ ಕಚೇರಿಯಲ್ಲಿ ಕುಳಿತವನ ಮುಂದೆ ಎರಡು ದಾರಿಗಳಿದ್ದವು. ಕಾಗದ ಬರೆದು, ಮೊಹರು ಒತ್ತಿ, ಸಂಬಳ ತೆಗೆದುಕೊಂಡು ಮನೆಗೆ ಹೋಗುವುದು ಒಂದು. ಕಡತದಲ್ಲಿ ಸರ್ವೆ ನಂಬರ್ ಆಗಿದ್ದವನ ಮನೆಯ ಕಡೆ ಕಣ್ಣು ಹಾಯಿಸುವುದು ಇನ್ನೊಂದು. ಡಿಸೋಜ ಎರಡನೆಯದನ್ನು ಆರಿಸಿಕೊಂಡರು. ‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಬಂದದ್ದು ಹೀಗೆ.

‘ದ್ವೀಪ’ವನ್ನೇ ನೋಡಿ. ಗಣಪಯ್ಯ, ನಾಗವೇಣಿ ದಂಪತಿಯ ಮನೆ ಇರುವ ಸೀತಾಪರ್ವತದ ಸುತ್ತ ನೀರು ಏರುತ್ತದೆ. ಪರಿಹಾರ ಕೈಗೆ ಬಂದಿಲ್ಲ, ಹೋಗಲು ಜಾಗವಿಲ್ಲ. ಒಬ್ಬೊಬ್ಬರಾಗಿ ನೆರೆಯವರು ಹೊರಡುತ್ತಾರೆ. ಮಳೆ ಬಿಡುವುದಿಲ್ಲ. ಕೊಟ್ಟಿಗೆಯ ದನಗಳ ಚಿಂತೆ, ಒದ್ದೆ ಸೌದೆಯ ಚಿಂತೆ, ರಾತ್ರಿ ಬಾಗಿಲ ಹೊರಗೆ ಕೇಳುವ ಸದ್ದಿನ ಹೆದರಿಕೆ. ಸರ್ಕಾರದ ಲೆಕ್ಕದಲ್ಲಿ ಈ ಮನೆ ಒಂದು ಅಂಕಿ. ಡಿಸೋಜ ಆ ಅಂಕಿಯೊಳಗೆ ಒಲೆ ಉರಿಸಿ ಇಬ್ಬರನ್ನು ಕೂರಿಸಿದರು. ಬರೆದವರು ಕಥೋಲಿಕರು, ಬರೆದದ್ದು ಬ್ರಾಹ್ಮಣ ಕುಟುಂಬವೊಂದರ ಸಂಕಟ. ಓದುವಾಗ ಈ ಅಂತರ ಎಲ್ಲೂ ಅಡ್ಡ ಬರುವುದಿಲ್ಲ. ಗಿರೀಶ ಕಾಸರವಳ್ಳಿಯವರು ಇದನ್ನೇ 2002ರಲ್ಲಿ ಚಲನಚಿತ್ರ ಮಾಡಿದರು, ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಬಂತು. ಮಕ್ಕಳಿಗೂ ಈ ನೋವು ತಿಳಿಯಲೆಂಬಂತೆ ಬರೆದ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಿಕ್ಕಿತು. 2014ರ ಜನವರಿಯಲ್ಲಿ ಮಡಿಕೇರಿಯ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು.

ತಮ್ಮವರ ಬಗ್ಗೆಯೂ ಅವರು ಬರೆದರು. ‘ಇಗರ್ಜಿ ಸುತ್ತಲಿನ ಹತ್ತು ಮನೆಗಳು’ ಎಂಬ ಕೃತಿಯಲ್ಲಿ ಮಲೆನಾಡಿನ ಕ್ರೈಸ್ತ ಕುಟುಂಬಗಳ ಒಳಬಾಳು ಕನ್ನಡಕ್ಕೆ ಬಂತು. ಪರರ ನೋವನ್ನು ಹೇಳುವವನು ತನ್ನ ಮನೆಯ ಕಸವನ್ನೂ ನೋಡಬೇಕು. ತನ್ನ ಕಣ್ಣಿನ ತೊಲೆಯನ್ನು ಬಿಟ್ಟು ಸೋದರನ ಕಣ್ಣಿನ ಧೂಳು ತೆಗೆಯಹೊರಟವನನ್ನು ಯೇಸು ಗದರಿಸಿದ್ದು ಇದಕ್ಕೇ.

ಲೇಖನಿಯಷ್ಟೇ ಸಾಕು ಎಂದು ಡಿಸೋಜ ಕೂತವರಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ಸುದ್ದಿ ಬಂದಾಗ ಶರಾವತಿ ಉಳಿಸಿ ಹೋರಾಟದ ಮುಂಚೂಣಿಗೆ ಬಂದರು. ಆಗ ಅವರಿಗೆ 82 ವರ್ಷ. ಜುಲೈ 10ರಂದು ಇಡೀ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಒಮ್ಮೆ ಮುಳುಗಿದವರನ್ನು ಮತ್ತೊಮ್ಮೆ ಮುಳುಗಿಸಬೇಡಿ ಎಂಬ ಸಂಕಟ ಆ ಹೋರಾಟದ ಹಿಂದಿತ್ತು. ಇದನ್ನೆಲ್ಲ ಅವರು ಧರ್ಮದ ಪತಾಕೆ ಹಿಡಿದು ಮಾಡಲಿಲ್ಲ. ಆದರೆ ಯೇಸುವಿನ ಪಟ್ಟಿಯನ್ನು ಒಮ್ಮೆ ಪಕ್ಕದಲ್ಲಿಟ್ಟು ನೋಡಿ. ನೆಲೆ ಕಳೆದುಕೊಂಡವನು ಅದರಲ್ಲಿದ್ದಾನೆ. ದಾರಿಯಲ್ಲಿ ಬಿದ್ದವನ ಬಳಿ ನಿಂತವನೇ ನೆರೆಯವನು ಎಂದಾದರೆ, ಸಾಗರದ ಈ ಗುಮಾಸ್ತ ನಿಂತದ್ದು ಅಲ್ಲಿಯೇ.

ಇಂದಿನ ಕೊಳಗಗಳು

ಹಾಗಾದರೆ ಇವತ್ತು, ಈ ಮೂರು ತಾಲ್ಲೂಕುಗಳಲ್ಲಿ, ಬರೆಯಲು ಬಾರದ ಸಾಮಾನ್ಯ ಕ್ರೈಸ್ತನೊಬ್ಬ ಯೇಸುವಿನ ಮಾತಿನಂತೆ ಬಾಳುವುದು ಹೇಗೆ? ಅದಕ್ಕೆ ಉತ್ತರ ಅವನ ಅಂಗಳದಲ್ಲೇ ಇದೆ.

ಕೊನೆ ಕೊಯ್ಲಿನ ತಿಂಗಳುಗಳಲ್ಲಿ ಮಲೆನಾಡಿನ ಅಂಗಳದಲ್ಲಿ ರಾತ್ರಿಯವರೆಗೂ ಅಡಿಕೆ ಸುಲಿಯುವ ಸದ್ದು ಕೇಳುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಬೆರಳುಗಳು ಅಡಿಕೆಯ ಚೊಗರಿನಿಂದ ಕಪ್ಪಾಗಿರುತ್ತವೆ. ಸುಲಿದದ್ದನ್ನು ಡಬ್ಬದಲ್ಲಿ ಅಳೆದು, ಡಬ್ಬಕ್ಕೆ ಇಷ್ಟೆಂದು ಕೂಲಿ ಕೊಡುತ್ತಾರೆ. ಆ ಡಬ್ಬವನ್ನು ತಲೆ ಸವರಿ ಅಳೆಯುತ್ತೇವೋ, ರಾಶಿ ಏರಿಸಿ ಅಳೆಯುತ್ತೇವೋ? ಗೋಪುರದಂತೆ ಏರಿಸಿ ತುಂಬಿಸಿಕೊಂಡು ಒಂದೇ ಡಬ್ಬದ ಕೂಲಿ ಕೊಟ್ಟರೆ ಕಾಗೋಡಿನ ಕೊಳಗ ನಮ್ಮ ಕೈಯಲ್ಲೇ ಇದೆ ಎಂದರ್ಥ. ದ್ರಾಕ್ಷಿತೋಟದ ಕೂಲಿಗಳ ಸಾಮತಿಯಲ್ಲಿ, ಸಂಜೆಯ ಹೊತ್ತಿಗೆ ಕೆಲಸಕ್ಕೆ ಸೇರಿದವನಿಗೂ ಒಡೆಯ ಪೂರ್ತಿ ದಿನದ ಕೂಲಿ ಕೊಡುತ್ತಾನೆ. ಕಾರಣ ಸರಳ: ಅವನ ಮನೆಯಲ್ಲೂ ಪೂರ್ತಿ ದಿನದ ಹಸಿವಿದೆ. ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿ ಮಲಗುವವರು ಯೇಸುವಿನ ಪಟ್ಟಿಯ ಪರವೂರಿನವರು. ಅವರ ಕೂಲಿ ಅಂದಂದೇ ಕೊಡುವುದು, ಮಳೆ ಸೋರದ ಸೂರು ಕೊಡುವುದು, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವುದು ಭಾನುವಾರದ ಬಲಿಪೂಜೆಯ ಮುಂದುವರಿಕೆಯೇ ಆಗಿದೆ.

ಮುಳುಗಡೆಯ ಕಥೆಯೂ ಮುಗಿದಿಲ್ಲ. ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಲಾಂಚಿಗಾಗಿ ಕಾಯುತ್ತಿದ್ದ ತುಮರಿ ಕಡೆಯವರ ಅರವತ್ತು ವರ್ಷಗಳ ಬವಣೆಗೆ ಅದು ಕೊನೆ ಹೇಳಿತು. ಡಿಸೋಜ ಅದನ್ನು ಕಾಣಲು ಇನ್ನೂ ಆರು ತಿಂಗಳು ಬದುಕಿರಬೇಕಿತ್ತು. ಆದರೆ ಮುಳುಗಡೆಯ ಕಾಲದಲ್ಲಿ ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದ ಕುಟುಂಬಗಳ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಇಂದಿಗೂ ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಓದು ಬಲ್ಲ ಕ್ರೈಸ್ತ ಯುವಕನೊಬ್ಬ ಅಂಥ ಅಜ್ಜನೊಬ್ಬನ ಅರ್ಜಿ ಬರೆದುಕೊಟ್ಟು, ತಾಲ್ಲೂಕು ಕಚೇರಿಯ ಸಾಲಿನಲ್ಲಿ ಅವನ ಜೊತೆ ನಿಂತರೆ ಅದಕ್ಕೆ ಬೇರೆ ಉಪದೇಶ ಬೇಕಿಲ್ಲ.

ರೋಗದ ವಿಷಯವೂ ಹೀಗೆಯೇ. ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರ ಜೀವ ತೆಗೆಯಿತು. ಇದು ಉಣ್ಣೆ ಕಚ್ಚುವುದರಿಂದ ಬರುವ ಜ್ವರ. ರೋಗಿಯಿಂದ ನೆರೆಯವನಿಗೆ ಹರಡುವುದಿಲ್ಲ. ಆದರೂ ಭಯ ಹಬ್ಬಿದಾಗ ಜ್ವರದ ಮನೆಯ ದಾರಿ ತುಳಿಯುವವರು ಕಡಿಮೆಯಾಗುತ್ತಾರೆ. ಸೊಪ್ಪು ತರಲು, ದರಗು ಗುಡಿಸಲು ಕಾಡಿಗೆ ಹೋಗಲೇಬೇಕಾದವರು ಬಡವರು. ಅವರ ಮನೆಗೆ ಗಂಜಿ ಒಯ್ಯುವುದು, ದನಕ್ಕೆ ಹುಲ್ಲು ಹಾಕಿ ಬರುವುದು, ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚುವ ಡೆಪಾ ತೈಲ ತಲುಪಿಸುವುದು ಯಾರಿಂದಲೂ ಆಗುವ ಕೆಲಸ. ಕ್ಯಾಂಡಿಯ ಸಿಡುಬಿನ ನಡುವೆ ಜೋಸೆಫ್ ವಾಜ್ ಮಾಡಿದ್ದೂ ಇದನ್ನೇ.

ಎಡಗೈಗೆ ತಿಳಿಯದಂತೆ

ಕ್ರೈಸ್ತರ ಸೇವೆಯ ಬಗ್ಗೆ ನಾಡಿನಲ್ಲಿ ಒಂದು ಅನುಮಾನವಿದೆ, ಕೊಡುವುದರ ಹಿಂದೆ ಮತಾಂತರದ ಗಾಳವಿದೆಯೇ ಎಂದು. 2022ರಲ್ಲಿ ರಾಜ್ಯದಲ್ಲಿ ಈ ಬಗ್ಗೆ ಕಾಯ್ದೆಯೇ ಬಂತು, ಅದರ ಸುತ್ತ ಬಿಸಿ ಚರ್ಚೆಯೂ ನಡೆಯಿತು. ಕಾನೂನಿನ ವಾದವನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ಕ್ರೈಸ್ತನಿಗೆ ಯೇಸುವಿನ ಮಾತೇ ಸಾಕು. ಆಸೆ ತೋರಿಸಿ ಕೊಟ್ಟದ್ದು ದಾನವಲ್ಲ, ವ್ಯಾಪಾರ. ಯೇಸು ವಾಸಿ ಮಾಡಿದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬನೇ ಹಿಂದಿರುಗಿ ಬಂದ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿಯ ಆರೋಗ್ಯವನ್ನು ಯೇಸು ವಾಪಸು ಕೇಳಲಿಲ್ಲ.

ಹೀಗೆ ಗುಟ್ಟಾಗಿ ಕೊಡುವ ಪದ್ಧತಿ ನಮ್ಮ ಸಭೆಯಲ್ಲೇ ಇದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಮ್ ಎಂಬ ವಿದ್ಯಾರ್ಥಿ ಗೆಳೆಯರೊಡನೆ ಶುರುಮಾಡಿದ ಸಂತ ವಿನ್ಸೆಂಟ್ ದೇ ಪೌಲ್ ಸಭೆ ಇಂದು ನಾಡಿನ ಅನೇಕ ಧರ್ಮಕೇಂದ್ರಗಳಲ್ಲಿ ನಡೆಯುತ್ತಿದೆ. ಸಭೆಯ ಕೊನೆಗೆ ಬಟ್ಟೆಯ ಚೀಲವೊಂದು ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಮುಷ್ಟಿ ಮುಚ್ಚಿಕೊಂಡು ಚೀಲದೊಳಗೆ ಕೈ ಹಾಕುತ್ತಾರೆ. ನೂರರ ನೋಟು ಹಾಕಿದವರು ಯಾರು, ಐದರ ನಾಣ್ಯ ಹಾಕಿದವರು ಯಾರು ಎಂದು ಪಕ್ಕದವರಿಗೂ ಗೊತ್ತಾಗುವುದಿಲ್ಲ. ಕೊಡಲು ಏನೂ ಇಲ್ಲದವರೂ ಕೈ ಹಾಕಿ ತೆಗೆಯುತ್ತಾರೆ. ಅವರ ಮಾನ ಉಳಿಯುತ್ತದೆ. ಆಮೇಲೆ ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗಿ ಕೂತು ಮಾತಾಡಿ ಬರುತ್ತಾರೆ. ಅಕ್ಕಿ ಕೊಟ್ಟು ಫೋಟೊ ತೆಗೆಸಿ ಫ್ಲೆಕ್ಸ್ ಕಟ್ಟುವ ಈ ಕಾಲದಲ್ಲಿ ಆ ಬಟ್ಟೆಯ ಚೀಲ ಪರ್ವತ ಪ್ರಸಂಗದ ಒಂದು ಅಧ್ಯಾಯಕ್ಕೆ ಸಮ.

ಸೆಪ್ಟೆಂಬರ್ 8ರ ತೆನೆಹಬ್ಬವನ್ನೂ ಹೀಗೇ ನೋಡಬಹುದು. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಮಾತೆ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಆ ತೆನೆಯ ಕಾಳನ್ನು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ. ಹೊಸ ಬೆಳೆಯ ಮೊದಲ ಪಾಲು ದೇವರದ್ದು, ಊಟ ಎಲ್ಲರದ್ದು. ಆ ಪಾಯಸದ ಒಂದು ಪಾಲು ಬೇಲಿಯಾಚೆಯ ಮನೆಗೂ ಹೋಗಲಿ.

ಆದರೆ ಬೇಲಿಯಾಚೆಯವನೊಡನೆ ಜಗಳವಿದ್ದರೆ? ಮಲೆನಾಡಿನಲ್ಲಿ ಬೇಲಿ, ಕಾಲುದಾರಿ, ನೀರಿನ ಹರಿ, ಇವುಗಳ ವ್ಯಾಜ್ಯ ತಲೆಮಾರುಗಳವರೆಗೆ ನಡೆಯುತ್ತದೆ. ಅಣ್ಣ ತಮ್ಮಂದಿರು ಇಗರ್ಜಿಯಲ್ಲಿ ಅಕ್ಕಪಕ್ಕದ ಬೆಂಚಿನಲ್ಲಿ ಕೂತು ಮುಖ ತಿರುಗಿಸುವುದನ್ನು ಎಲ್ಲರೂ ಕಂಡಿದ್ದೇವೆ. ಕಾಣಿಕೆ ಬಿಟ್ಟು ಹೋಗಿ ರಾಜಿಯಾಗಿ ಬಾ ಎಂಬ ಯೇಸುವಿನ ಮಾತು ಇಲ್ಲಿಗೇ ಬಂದು ನಿಲ್ಲುತ್ತದೆ. ರಾಜಿಯೆಂದರೆ ಬಾಯಿಮಾತೂ ಅಲ್ಲ. ಸುಂಕ ವಸೂಲಿಯಲ್ಲಿ ಜನರಿಂದ ಹೆಚ್ಚು ಕಿತ್ತಿದ್ದ ಜಕ್ಕಾಯ, ಯೇಸು ತನ್ನ ಮನೆಗೆ ಬಂದ ದಿನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಹಿಂತಿರುಗಿಸುವುದಾಗಿಯೂ ಹೇಳಿದ. ಅಂದು ಆ ಮನೆಗೆ ರಕ್ಷಣೆ ಬಂತು ಎಂದು ಯೇಸು ಸಾರಿದ್ದು ಆ ಮಾತನ್ನು ಕೇಳಿದ ಮೇಲೆ. ಒತ್ತುವರಿ ಮಾಡಿದ ಮೂರು ಅಡಿ ಜಾಗವನ್ನು ಬಿಟ್ಟುಕೊಟ್ಟು ಬೇಲಿಯನ್ನು ಹಿಂದಕ್ಕೆ ಸರಿಸಿದವನು ಹತ್ತು ಜಪಮಾಲೆಗಿಂತ ದೊಡ್ಡ ಪ್ರಾರ್ಥನೆ ಮಾಡಿದ್ದಾನೆ.

ನಮ್ಮೊಳಗಿನ ಮೇಲು-ಕೀಳಿಗೂ ಇದೇ ಮಾತು. ಜ್ಞಾನಸ್ನಾನದ ನೀರಿನಲ್ಲಿ ಜಾತಿ ಕರಗಬೇಕಿತ್ತು. ಮದುವೆಯ ಮಾತುಕತೆಯಲ್ಲಿ ಅದು ಮತ್ತೆ ತಲೆಯೆತ್ತುತ್ತದೆ. ಪವಿತ್ರ ಗುರುವಾರ ಗುರುಗಳು ಹನ್ನೆರಡು ಜನರ ಪಾದ ತೊಳೆಯುವುದನ್ನು ನೋಡಿ ಬಂದವರು, ಮರುದಿನ ತೋಟದ ಆಳಿಗೆ ಜಗಲಿಯ ಕೆಳಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟರೆ ಆ ನೀರು ವ್ಯರ್ಥ. ಯೇಸು ಶಿಷ್ಯರ ಕಾಲು ತೊಳೆದದ್ದು ಅವರೂ ಒಬ್ಬರಿಗೊಬ್ಬರು ಹಾಗೆ ಮಾಡಲೆಂದು, ವರ್ಷಕ್ಕೊಮ್ಮೆ ನೋಡಲೆಂದಲ್ಲ.

ಕ್ರೈಸ್ತ ವಿಶ್ವಾಸ ನಿಜವೋ ಅಲ್ಲವೋ ಎಂಬುದನ್ನು ಇಗರ್ಜಿಯ ಗೋಪುರದ ಎತ್ತರ ಹೇಳಲಾರದು, ಹಬ್ಬದ ದೀಪಾಲಂಕಾರವೂ ಹೇಳಲಾರದು. ಕೂಲಿಯವಳು, ಬೇಲಿಯಾಚೆಯವನು, ಜ್ವರದ ಮನೆಯವರು, ಹಕ್ಕುಪತ್ರವಿಲ್ಲದ ಅಜ್ಜ, ಇವರು ಹೇಳಬೇಕು. ಸಾಗರದ ಜನ ನಾ. ಡಿಸೋಜ ಅವರ ಬಗ್ಗೆ ಅದನ್ನು ಹೇಳಿದ್ದಾರೆ. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದವರು ತಮ್ಮ ಅಂಗಳದ ಡಬ್ಬವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ. ಅಳತೆ ತಪ್ಪಿದ್ದರೆ ಸೋಮವಾರದ ಕೂಲಿಯಲ್ಲೇ ಅದನ್ನು ಸರಿಪಡಿಸಲಿ.